ಸಣ್ಣೀರಿ ಹೊಳೆಗೆ ಒಡ್ಡು ಕಟ್ಟಿದ್ದು

ಆಗತಾನೆ ಸಾರಿಸಿದ ನೆಲದ ಹಾಗೆ ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ ಅದು. ಬೆಟ್ಟಗಳು ಕೂತ ಜಾಗದಲ್ಲಿ ಸರಿಯಾಗಿ ಊರಿಕೊಂಡಿರಲಿಲ್ಲ. ಗಾಳಿಗೆ ಯಾವ ಕಡೆ ಬೀಸಬೇಕೆಂದು ಗೊತ್ತಿರಲಿಲ್ಲ, ಕಂಡಕಂಡವರನ್ನು ದಾರಿ ಕೇಳಿಕೊಂಡು ತಿರುಗುತ್ತಿತ್ತು. ಕಲ್ಲು, ಮೀನು, ಮನುಷ್ಯರು, ಎಲ್ಲರೂ ಆಡುತ್ತಿದ್ದದ್ದು ಒಂದೇ ಮಾತು.

ಆ ಕಾಲದಲ್ಲಿ ಕೆರೆ ಇರಲಿಲ್ಲ. ಕೊಳ ಇರಲಿಲ್ಲ. ನಿಂತ ನೀರು ಎನ್ನುವುದೇ ನೆಲದ ಮೇಲೆ ಇರಲಿಲ್ಲ. ನೀರೆಂದರೆ ಹರಿಯುವುದು, ಅಷ್ಟೆ. ಬರುತ್ತೇನೆಂದು ಸಮುದ್ರಕ್ಕೆ ಮಾತು ಕೊಟ್ಟಿದ್ದ ನೀರೆಲ್ಲ ಆ ಮಾತಿನ ಹಿಂದೆಯೇ ಓಡುತ್ತಿತ್ತು. ಓಡುವ ನೀರು ಎಷ್ಟು ತಿಳಿಯಾಗಿತ್ತೆಂದರೆ, ದಡದಲ್ಲಿ ನಿಂತವರಿಗೆ ತಳದಲ್ಲಿ ಮಲಗಿದ ಏಡಿಯ ಕಣ್ಣು ಕಾಣುತ್ತಿತ್ತು.

ಅಂಥ ಒಂದು ಹೊಳೆಯ ದಡದಲ್ಲಿ ಸಣ್ಣೀರಿ ಇದ್ದಳು. ಅವಳ ಗಂಡ ಜವರ. ಅವನು ಅವಳ ಸೋದರತ್ತೆಯ ಮಗ, ಹಾಗಾಗಿ ಮದುವೆಯಾದ ಮೇಲೂ ಅವಳು ‘ಬಾವ’ ಎಂದೇ ಕರೆಯುತ್ತಿದ್ದಳು. ಜವರ ಬಿದಿರು ಸೀಳಿ ಕೂಳಿ ಹೆಣೆದು ಹೊಳೆಯಲ್ಲಿಟ್ಟು ಮೀನು ಹಿಡಿಯುತ್ತಿದ್ದ. ಸಣ್ಣೀರಿ ಹಸು ಸಾಕಿದ್ದಳು, ರಾಗಿ ಬೆಳೆಯುತ್ತಿದ್ದಳು. ಮನೆಯಲ್ಲಿ ಉಣ್ಣಲು ಇತ್ತು, ಹೊದೆಯಲು ಇತ್ತು. ಮಗು ಮಾತ್ರ ಇರಲಿಲ್ಲ.

ಬೆಳಗ್ಗೆ ಬಿಂದಿಗೆ ಹಿಡಿದು ಹೊಳೆಗೆ ಹೋದಾಗ ಸಣ್ಣೀರಿ ಹೊಳೆಯ ಜೊತೆ ಮಾತಾಡುತ್ತಿದ್ದಳು. ಅವಳು ಮಾತು ಶುರುಮಾಡಿದಾಗ ಎದುರಿಗಿದ್ದ ನೀರು ಬೇರೆ, ಮುಗಿಸುವಾಗ ಎದುರಿಗಿದ್ದ ನೀರು ಬೇರೆ. ಆದರೂ ಹೊಳೆಗೆ ಎಲ್ಲ ತಿಳಿಯುತ್ತಿತ್ತು.

“ಹೊಳೆಯವ್ವಾ, ನನಗೊಂದು ಮಗು ಬೇಕಿತ್ತು,” ಎನ್ನುತ್ತಿದ್ದಳು ಸಣ್ಣೀರಿ.

“ಕೇಳಿಸ್ತು ಮಗಳೇ, ಕೇಳಿಸ್ತು,” ಎನ್ನುತ್ತಾ ಹೊಳೆ ಮುಂದೆ ಹೋಗುತ್ತಿದ್ದಳು.

ಒಂದು ಬೆಳಗ್ಗೆ ಸಣ್ಣೀರಿ ಬಿಂದಿಗೆಯ ನೀರನ್ನು ಹಂಡೆಗೆ ಬಗ್ಗಿಸುತ್ತಿದ್ದಳು. ಬಿಂದಿಗೆಯ ಬಾಯಿಯಲ್ಲಿ ಏನೋ ಅಂಟಿಕೊಂಡಿತ್ತು. ರಾಗಿಕಾಳಿನಷ್ಟು ದಪ್ಪ. ಎಳೆ ಹುಲ್ಲಿನ ಬಣ್ಣ.

“ಅವ್ವಾ, ಚೆಲ್ಲಬೇಡ,” ಎಂದಿತು ಅದು.

ಸಣ್ಣೀರಿಯ ಕೈ ಹಾಗೇ ನಿಂತಿತು. ಲೋಕದಲ್ಲಿ ಯಾರೂ ಅವಳನ್ನು ಅವ್ವಾ ಎಂದು ಕರೆದಿರಲಿಲ್ಲ.

“ಯಾರು ಕಂದಾ ನೀನು?”

“ಗೊತ್ತಿಲ್ಲ. ನೀರಿನ ಒಳಗೆ ಬಿಸಿಲು ಬಿತ್ತು. ಆಮೇಲೆ ನಾನು ಇದ್ದೆ. ಹೊಳೆ ಓಡ್ತಾ ಇತ್ತು. ಎಲ್ಲಿ ಕೂತರೂ ಎಳ್ಕೊಂಡು ಹೋಗೋದು. ನಿನ್ನ ಬಿಂದಿಗೆ ಸಿಕ್ತು, ಹಿಡ್ಕೊಂಡೆ.”

ಸಣ್ಣೀರಿ ಅದಕ್ಕೆ ಪಚ್ಚಿ ಎಂದು ಹೆಸರಿಟ್ಟಳು. ಒಂದು ಅಗಲವಾದ ಮಣ್ಣಿನ ಬಾನಿ ತಂದು, ನೀರು ತುಂಬಿ, ಅಂಗಳದ ಬಿಸಿಲಿನಲ್ಲಿಟ್ಟು ಅದರೊಳಗೆ ಪಚ್ಚಿಯನ್ನು ಬಿಟ್ಟಳು. ಸಂಜೆ ಜವರ ಮನೆಗೆ ಬಂದಾಗ ಬಾನಿಯ ಮುಂದೆ ಕೂರಿಸಿದಳು.

“ಇದೇನೇ ಈರಿ, ಬಾನಿ ತೊಳೆದಿಲ್ಲವಾ?” ಎಂದ ಜವರ.

“ಅಪ್ಪಾ,” ಎಂದಿತು ಬಾನಿ.

ಜವರ ಕೈಯಲ್ಲಿದ್ದ ಕೂಳಿಯನ್ನು ಕೆಳಗಿಟ್ಟ. ಆವತ್ತು ಅವನು ಊಟ ಮಾಡಲು ಏಳಲೇ ಇಲ್ಲ.

ಪಚ್ಚಿ ಬೆಳೆದಳು. ಬಾನಿಯ ತಳ ತುಂಬಿತು, ಬದಿ ತುಂಬಿತು, ಅಂಚಿಗೆ ಬಂತು. ಒಂದು ದಿನ ಪಚ್ಚಿ, “ಅವ್ವಾ, ಕಾಲು ಚಾಚೋಕೆ ಜಾಗ ಇಲ್ಲ,” ಎಂದಳು.

ಸಣ್ಣೀರಿ ಬಾನಿಯನ್ನು ಸೊಂಟದ ಮೇಲಿಟ್ಟುಕೊಂಡು ಹೊಳೆಗೆ ಹೋದಳು. ಮೊಣಕಾಲುದ್ದ ನೀರಿಗಿಳಿದು, ಬೊಗಸೆಯಲ್ಲಿ ಎತ್ತಿ ಮಗಳನ್ನು ನೀರಿಗೆ ಬಿಟ್ಟಳು.

ಬಿಟ್ಟದ್ದೇ ತಡ, ಪಚ್ಚಿ ಹೊರಟೇಹೋದಳು. “ಅವ್ವಾ! ಅವ್ವಾ!” ಎಂದು ಕೂಗುತ್ತಾ ನೀರಿನ ಜೊತೆ ಜಾರುತ್ತಿದ್ದಳು. ಸಣ್ಣೀರಿ ದಡದುದ್ದಕ್ಕೂ ಓಡಿದಳು. ಸೆರಗು ಮುಳ್ಳಿಗೆ ಸಿಕ್ಕಿ ಹರಿಯಿತು. ತಿರುವಿನ ಜೊಂಡಿನಲ್ಲಿ ಪಚ್ಚಿ ಸಿಕ್ಕಿಕೊಂಡಿದ್ದಳು, ಅರ್ಧ ಮಾತ್ರ. ಉಳಿದರ್ಧ ಎಲ್ಲಿ ಹೋಯಿತೋ ಯಾರಿಗೆ ಗೊತ್ತು.

“ಯಾಕೆ ಹೀಗೆ ಮಾಡಿದೆ ಹೊಳೆಯವ್ವಾ?” ಎಂದು ಸಣ್ಣೀರಿ ಅತ್ತಳು.

“ನಾನೇನೂ ಮಾಡಲಿಲ್ಲ ಮಗಳೇ. ನಡೀತಾ ಇದ್ದೆ,” ಎಂದಳು ಹೊಳೆ. “ಅವಳಿಗೆ ನನ್ನ ಜೊತೆ ನಡೆಯೋಕೆ ಬರಲ್ಲ. ಕಲ್ಲಿನ ಮೇಲೆ ಕೂರಿಸು. ಕಲ್ಲು ಹಿಡ್ಕೊಳ್ಳುತ್ತೆ. ದೊಡ್ಡವಳಾಗಲ್ಲ, ತೆಳ್ಳಗೆ ಇರ್ತಾಳೆ. ಆದರೆ ಇರ್ತಾಳೆ.”

“ನೀನೇ ಒಂದು ಗಳಿಗೆ ನಿಂತರೆ ಆಗದಾ?”

“ನಿಲ್ಲೋದು ಹೇಗೆ ಅಂತ ನನಗೆ ಗೊತ್ತಿಲ್ಲವಲ್ಲ.”

ಸಣ್ಣೀರಿ ಪಚ್ಚಿಯನ್ನು ಒಂದು ಕಲ್ಲಿನ ಮೇಲೆ ಕೂರಿಸಿದಳು. ಕಲ್ಲು ಒಳ್ಳೆಯದು, ಹಿಡಿದುಕೊಂಡಿತು. ಪಚ್ಚಿ ಅದರ ಮೈಗೆ ಮೈಯಂಟಿಸಿ ಮಲಗಿದಳು. ದಿನ ಕಳೆದವು. ಪಚ್ಚಿ ಉಗುರಿನಷ್ಟು ತೆಳ್ಳಗಿದ್ದಳು, ತೆಳ್ಳಗೇ ಉಳಿದಳು. ಒಂದು ಎಳೆ ಬೆಳೆದರೆ ಹೊಳೆ ಆ ಎಳೆಯನ್ನು ಕೊಂಡೊಯ್ಯುತ್ತಿದ್ದಳು. ಪಚ್ಚಿ ಅಳುತ್ತಿರಲಿಲ್ಲ. ಬಸವನಹುಳುಗಳು ಬೆನ್ನ ಮೇಲೆ ತೆವಳಿದರೆ ಕಚಗುಳಿಯಾಗಿ ನಗುತ್ತಿದ್ದಳು. ನೋಡಲಾಗದೆ ಇದ್ದವಳು ಸಣ್ಣೀರಿ.

“ಬೇರೆಯವರ ಮಕ್ಕಳು ಹೇಗೆ ಬೆಳೀತವೆ! ನನ್ನ ಮಗಳು ಕಲ್ಲಿಗೆ ಬಳಿದ ಬಣ್ಣದ ಹಾಗಿದ್ದಾಳೆ,” ಎಂದಳು ಗಂಡನ ಮುಂದೆ.

ಬೇಸಿಗೆ ಬಂತು. ಹೊಳೆ ಸೊರಗಿ, ಬಂಡೆಗಳ ನಡುವೆ ಸಣ್ಣಗೆ ಹರಿಯತೊಡಗಿದಳು. ಆಗ ಸಣ್ಣೀರಿ ಒಂದು ಕಲ್ಲನ್ನು ಎತ್ತಿ ಹೊಳೆಗೆ ಅಡ್ಡ ಇಟ್ಟಳು. ಇನ್ನೊಂದು ಕಲ್ಲನ್ನು ಅದರ ಪಕ್ಕ ಇಟ್ಟಳು. ಸಂದಿಗೆ ಜೇಡಿಮಣ್ಣು ಮೆತ್ತಿದಳು.

ಜವರ ದಡದಲ್ಲಿ ನಿಂತು ನೋಡಿದ. “ಬೇಡ ಈರಿ. ನಡೆಯೋರ ಕಾಲು ಕಟ್ಟಬಾರದು.”

“ನಮ್ಮ ಮಗು ಬಾವ. ಅವಳು ಒಂದಿಷ್ಟು ಗಟ್ಟಿಯಾಗೋವರೆಗೆ. ಆಮೇಲೆ ನಾನೇ ತೆಗೀತೀನಿ.”

ಜವರ ಮನೆಗೆ ಹೋದ. ಹಗ್ಗ ತಂದು, ಸಣ್ಣೀರಿಯಿಂದ ಉರುಳಿಸಲಾಗದ ದೊಡ್ಡ ಕಲ್ಲಿಗೆ ಬಿಗಿದ. ಬೇಡವೆಂದವನೇ ಆ ಕಲ್ಲನ್ನು ಎಳೆದು ತಂದು ನಡುವೆ ಕೂರಿಸಿದ.

ಹೊಳೆ ಬಂದು ಒಡ್ಡಿಗೆ ಮುಟ್ಟಿದಳು. ಎಡಕ್ಕೆ ಹೋದಳು, ದಾರಿ ಇರಲಿಲ್ಲ. ಬಲಕ್ಕೆ ಹೋದಳು, ಅಲ್ಲೂ ಇರಲಿಲ್ಲ. ಬಡವಾದ ಮೈಗೆ ಒಡ್ಡು ಹತ್ತುವ ತ್ರಾಣವೂ ಇರಲಿಲ್ಲ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಸಣ್ಣೀರಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿತು.

ಲೋಕದಲ್ಲಿ ಮೊದಲ ಸಲ ಹರಿಯುವ ನೀರು ನಿಂತಿತು.

ನೋಡಲು ಎಲ್ಲರೂ ಬಂದರು. ಬೆಟ್ಟ ಬಗ್ಗಿ ತನ್ನ ತಲೆಯನ್ನು ನೋಡಿಕೊಂಡಿತು. ಬೆಳ್ಳಕ್ಕಿ ತನ್ನಂಥ ಇನ್ನೊಂದು ಬೆಳ್ಳಕ್ಕಿಯನ್ನು ಕಂಡು ನಾಚಿತು. ನೀರು ಬಿಸಿಲಿಗೆ ಬೆಚ್ಚಗಾಯಿತು. ಪಚ್ಚಿ ಕಲ್ಲಿನಿಂದ ಕೈಬಿಟ್ಟಳು. ಹೆದರಿ ಕಣ್ಣು ಮುಚ್ಚಿದಳು. ಯಾರೂ ಅವಳನ್ನು ಎಳೆಯಲಿಲ್ಲ. ಮೆಲ್ಲಗೆ ಮೇಲೆ ಬಂದು, ನೀರಿನ ಮೇಲೆ ಅಂಗಾತ ಮಲಗಿ, ಜನ್ಮದಲ್ಲಿ ಮೊದಲ ಬಾರಿಗೆ ಕೈಕಾಲು ಚಾಚಿದಳು.

“ಅವ್ವಾ, ನೋಡು!” ಎಂದಳು.

ಸಣ್ಣೀರಿ ನೋಡಿದಳು. ಅವಳ ಕಣ್ಣು ತುಂಬಿ ಬಂತು.

ಇನ್ನು ಮಗಳನ್ನು ಬೆಳೆಸುವುದೇ ಅವಳ ಕೆಲಸವಾಯಿತು. ಮುದ್ದೆ ಮಾಡಿದ ಮಡಕೆ ತೊಳೆದ ನೀರನ್ನು ತಂದು ಸುರಿದಳು. ಹಸುವಿನ ಸಗಣಿ ಕದಡಿ ಸುರಿದಳು. ಮನೆಯ ಬೂದಿಯನ್ನೂ ತಂದು ಹಾಕಿದಳು. ಎಲ್ಲವೂ ಪಚ್ಚಿಗೆ ಇಷ್ಟ. ಹಾಕಿದ್ದನ್ನೆಲ್ಲ ತಿಂದು ಪಚ್ಚಿ ಬೆಳೆದಳು. ಬೆಳಗ್ಗೆ ಚಾಪೆಯಷ್ಟಿದ್ದವಳು ಸಂಜೆಗೆ ಅಂಗಳದಷ್ಟಾದಳು.

ಬಸವನಹುಳುಗಳು ಪಚ್ಚಿಯ ಅಂಚು ಮೇಯಲು ಬಂದವು. “ನನ್ನ ಮಗಳ ಕೂದಲು ತಿಂತೀರಾ?” ಎಂದು ಸಣ್ಣೀರಿ ಅವನ್ನೆಲ್ಲ ಆಯ್ದು ಆಚೆ ದಡಕ್ಕೆ ಎಸೆದಳು.

ಗಾಳಿ ಬಂತು. “ಸಣ್ಣೀರಿ, ನೀರು ಮಂಕಾಗಿದೆ. ಒಂದು ಸುತ್ತು ಅಲುಗಿಸಲಾ? ತಳದ ನೀರು ಮೇಲೆ ಬರಲಿ, ಮೇಲಿನದು ತಳಕ್ಕೆ ಹೋಗಲಿ,” ಎಂದಿತು.

“ಹುಷ್! ಮಗು ಮಲಗಿದೆ. ಆಮೇಲೆ ಬಾ,” ಎಂದಳು ಸಣ್ಣೀರಿ.

ಗಾಳಿ ಸುಮ್ಮನೆ ಹೋಯಿತು. ಆಗಿನ ಕಾಲದ ಗಾಳಿ, ಹೇಳಿದ ಮಾತು ಕೇಳುತ್ತಿತ್ತು.

ಪಚ್ಚಿ ಒಂದು ದಡದಿಂದ ಇನ್ನೊಂದು ದಡಕ್ಕೆ ಮುಟ್ಟಿದಳು. ನೀರು ಕಾಣದಾಯಿತು. ಬೆಟ್ಟದ ತಲೆ ಕಾಣದಾಯಿತು. ಬೆಳ್ಳಕ್ಕಿ ಬಂದು ತನ್ನ ಗೆಳತಿಯನ್ನು ಹುಡುಕಿ, ಸಿಗದೆ, ಹಾರಿಹೋಯಿತು.

ಒಂದು ಮುಂಜಾನೆ ಸಣ್ಣೀರಿ ಮಡಕೆ ತೊಳೆದ ನೀರು ಹಿಡಿದು ಬಂದಾಗ, ಹಸಿರಿನ ನಡುವಿನ ಸಣ್ಣ ತೂತಿನಿಂದ ಒಂದು ಬಾಯಿ ಮೇಲೆ ಬಂತು. ಅದು ಆ ಹೊಳೆಯ ಹಿರಿಯ ಗೆಂಡೆಮೀನು. ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು.

“ತಾಯೀ, ಉಸಿರು ಸಿಕ್ತಾ ಇಲ್ಲ,” ಎಂದಿತು ಗೆಂಡೆ.

“ನೀರಲ್ಲಿ ಇರೋನಿಗೆ ಉಸಿರಿಗೇನು ಬರ?”

“ನಿನ್ನ ಮಗಳು ಒಳ್ಳೆಯವಳೇ ಕಣವ್ವ. ಹಗಲೆಲ್ಲ ಬಿಸಿಲು ಕುಡಿದು ನಮಗೆ ಉಸಿರು ಕೊಡ್ತಾಳೆ. ಕತ್ತಲಾದರೆ ಅವಳಿಗೂ ಉಸಿರು ಬೇಕು, ಕೊಟ್ಟದ್ದನ್ನೆಲ್ಲ ತಾನೇ ಕುಡೀತಾಳೆ. ಮೊದಲಾದರೆ ಹೊಳೆಯವ್ವ ಕಲ್ಲಿನಿಂದ ಕಲ್ಲಿಗೆ ಹಾರ್ತಾ ಹೊಸ ಉಸಿರು ತರ್ತಿದ್ದಳು. ಈಗ ಅವಳು ನಿಂತಿದ್ದಾಳೆ. ಬೆಳಗಾಗೋ ಹೊತ್ತಿಗೆ ನಮಗೆ ಏನೂ ಉಳಿಯಲ್ಲ. ಒಂದು ದಾರಿ ಬಿಡು ತಾಯೀ. ಸಣ್ಣ ದಾರಿ ಸಾಕು.”

ಸಣ್ಣೀರಿ ಒಡ್ಡಿನ ಕಡೆ ನೋಡಿದಳು. ದಾರಿ ಬಿಟ್ಟರೆ ಮಗಳು ಆ ದಾರಿಯಲ್ಲೇ ಹೋಗುತ್ತಾಳೆ. ಜೊಂಡಿನಲ್ಲಿ ಸಿಕ್ಕಿದ್ದ ಅರ್ಧ ಪಚ್ಚಿ ಕಣ್ಣಮುಂದೆ ಬಂದಳು.

“ಇನ್ನೊಂದಿಷ್ಟು ದಿನ ತಡ್ಕೊ ಅಣ್ಣಾ,” ಎಂದಳು. “ಮಳೆ ಬರಲಿ. ಮಳೆ ಬಂದ ಮೇಲೆ ನೋಡೋಣ.”

ಬಾಯಿ ಕೆಳಗೆ ಹೋಯಿತು. ಸಣ್ಣೀರಿ ತಂದಿದ್ದ ನೀರನ್ನು ಆ ತೂತಿನ ಪಕ್ಕದಲ್ಲೇ ಸುರಿದಳು. ಸಂಜೆಗೆ ತೂತು ಮುಚ್ಚಿಕೊಂಡಿತು.

ಮಳೆ ಬರಲಿಲ್ಲ. ಮೋಡ ಬಂತು. ದಟ್ಟವಾಗಿ ಕವಿದುಕೊಂಡು, ಬಿಸಿಲನ್ನು ಮುಚ್ಚಿ, ಹನಿ ಹಾಕದೆ ನಿಂತಿತು. ಬಿಸಿಲಿಲ್ಲದೆ ಪಚ್ಚಿಗೆ ಹಗಲಲ್ಲೂ ಉಸಿರು ಕೊಡಲಾಗಲಿಲ್ಲ.

ಮರುದಿನ ಮುಂಜಾನೆ ಕೂಳಿ ನೋಡಲು ಹೋಗಿದ್ದ ಜವರ ಬರಿಗೈಯಲ್ಲಿ ಓಡಿಬಂದ. “ಈರಿ, ಬಾ,” ಎಂದ.

ಹಸಿರಿನ ಮೇಲೆ ಮೀನುಗಳು ಮಲಗಿದ್ದವು. ಹೊಟ್ಟೆ ಮೇಲೆ ಮಾಡಿ, ಬೆಳ್ಳಗೆ, ಈ ದಡದಿಂದ ಆ ದಡದವರೆಗೆ. ಹಿರಿಯ ಗೆಂಡೆ ಒಡ್ಡಿಗೆ ತಲೆಯಿಟ್ಟು ಬಿದ್ದಿತ್ತು. ಅದರ ಬಾಯಿ ತೆರೆದೇ ಇತ್ತು. ಗಬ್ಬು ನಾರುತ್ತಿತ್ತು.

“ಬೇಕಾದಷ್ಟು ಮೀನು,” ಎಂದ ಜವರ. “ಒಂದನ್ನೂ ಮುಟ್ಟೋಕೆ ಕೈ ಬರಲಿಲ್ಲ ನನಗೆ.”

ಸಣ್ಣೀರಿ ನೀರಿನ ಅಂಚಿನಲ್ಲಿ ಕುಸಿದು ಕೂತಳು. ಹಸಿರನ್ನು ಕೈಯಿಂದ ಸರಿಸಿ ಕೂಗಿದಳು. “ಹೊಳೆಯವ್ವಾ! ಹೊಳೆಯವ್ವಾ!”

ಕೆಳಗಿನಿಂದ ದನಿ ಬರಲು ಹೊತ್ತು ಹಿಡಿಯಿತು. “ಯಾರು?” ಎಂದಳು ಹೊಳೆ. “ಯಾರನ್ನ ಕರೀತಿದ್ದೀಯ? ನಾನು ಎಲ್ಲಿಗೋ ಹೊರಟಿದ್ದೆ. ಎಲ್ಲಿಗೆ ಅಂತ ನೆನಪಾಗ್ತಾ ಇಲ್ಲ.”

ಸಣ್ಣೀರಿ ಎದೆಯ ಮೇಲೆ ಕೈಯಿಟ್ಟುಕೊಂಡಳು.

ಆಗ ಪಚ್ಚಿ ಮಾತಾಡಿದಳು. ಅಷ್ಟು ದೊಡ್ಡವಳಾಗಿದ್ದರೂ ದನಿ ಮಾತ್ರ ಬಿಂದಿಗೆಯ ಬಾಯಿಯಲ್ಲಿ ಸಿಕ್ಕಿದಾಗಿನಷ್ಟೇ ಸಣ್ಣದು. “ಅವ್ವಾ, ನನ್ನ ಕಾಲು ಕಪ್ಪಾಗಿದೆ. ನನ್ನ ಮೇಲೇ ನಾನು ಬಿದ್ದಿದ್ದೀನಿ. ಕೆಳಗಿನ ನನಗೆ ಬಿಸಿಲು ಕಾಣ್ತಿಲ್ಲ. ಅಲ್ಲೆಲ್ಲ ಕೊಳೀತಾ ಇದ್ದೀನಿ ಅವ್ವಾ. ಒಡ್ಡು ತೆಗಿ.”

“ತೆಗೆದರೆ ನೀನು ಹೋಗ್ತೀಯಲ್ಲೇ ಕಂದಾ.”

“ತೆಗೀದಿದ್ದರೂ ಹೋಗ್ತೀನಿ.”

ಜವರ ಒಡ್ಡಿನ ಕಡೆ ನಡೆದ. ಸಣ್ಣೀರಿ ಅವನ ಕೈ ಹಿಡಿದು ನಿಲ್ಲಿಸಿದಳು. “ನೀನು ಬೇಡ ಬಾವ. ಮೊದಲು ಬೇಡ ಅಂದೋನು ನೀನು.”

“ದೊಡ್ಡ ಕಲ್ಲು ತಂದೋನೂ ನಾನೇ,” ಎಂದ ಜವರ.

ಇಬ್ಬರೂ ಸೇರಿ ತೆಗೆದರು. ಬಿಸಿಲಿಗೆ ಜೇಡಿಮಣ್ಣು ಕಲ್ಲಾಗಿತ್ತು. ಸಣ್ಣೀರಿಯ ಉಗುರುಗಳು ಕಿತ್ತು ರಕ್ತ ಬಂತು. ನಡುವಿನ ದೊಡ್ಡ ಕಲ್ಲಿಗೆ ಜವರ ಹಾರೆಗೋಲು ಹಾಕಿ ಮೀಟಿದ. ಕಲ್ಲು ಹೊರಳಿತು.

ಮೊದಲು ಕಪ್ಪು ನೀರು ಬಂತು. ಆಮೇಲೆ ಹಸಿರು. ಸತ್ತ ಮೀನುಗಳು ಒಂದರ ಮೇಲೊಂದು ಬಿದ್ದುಕೊಂಡು ಹೋದವು. ಪಚ್ಚಿಯ ಮೈ ಒಂದು ಕಡೆಯಿಂದ ಜಗ್ಗತೊಡಗಿತು. ಸಣ್ಣೀರಿ ನೀರಿಗೆ ಹಾರಿ ಮಗಳನ್ನು ಎರಡೂ ತೋಳಿನಲ್ಲಿ ಬಾಚಿ ತಬ್ಬಿದಳು. ನೆನೆದ ಹಳೆಯ ಬಟ್ಟೆಯ ಹಾಗೆ ಪಚ್ಚಿ ಅವಳ ತೋಳಿನಲ್ಲೇ ಹರಿದಳು. ಹಿಡಿದಷ್ಟೂ ಹರಿದಳು.

“ಬಿಡು ಅವ್ವಾ. ಹಿಡ್ಕೊಂಡರೆ ನೋಯುತ್ತೆ,” ಎಂದಳು.

ಸಣ್ಣೀರಿ ಕೈ ಸಡಿಲಿಸಿದಳು.

ನೀರು ನುಗ್ಗಿತು. ಬಂಡೆಗೆ ಬಡಿಯಿತು, ನೊರೆಯಾಯಿತು, ಬಿಳುಪಾಯಿತು. ಬಹಳ ದೂರದಿಂದ ಹೊಳೆ ಕೂಗಿದ್ದು ಕೇಳಿಸಿತು: “ಸಮುದ್ರಕ್ಕೆ! ನಾನು ಸಮುದ್ರಕ್ಕೆ ಹೊರಟಿದ್ದೆ!”

ಸಣ್ಣೀರಿ ದಡದುದ್ದಕ್ಕೂ ನಡೆದಳು. ಈ ಸಲ ಓಡಲಿಲ್ಲ. ಹೊಳೆಯ ಪ್ರತಿ ಕಲ್ಲಿನ ಮೇಲೂ ಬಗ್ಗಿ ನೋಡಿದಳು. ಒಂದು ಕಲ್ಲಿನ ಮೇಲೆ ತೆಳ್ಳಗೆ ಹಸಿರು ಇತ್ತು. ಇನ್ನೊಂದರ ಮೇಲೂ ಇತ್ತು. ಮುಟ್ಟಿದರೆ ನುಣ್ಣಗೆ, ಎಳೆ ಮಗುವಿನ ಕೆನ್ನೆಯ ಹಾಗೆ. “ಪಚ್ಚಿ,” ಎಂದು ಕರೆದಳು. ಉತ್ತರ ಬರಲಿಲ್ಲ. ಅಷ್ಟು ಚೂರಾದವಳಿಗೆ ಮಾತಾಡುವಷ್ಟು ದನಿ ಎಲ್ಲಿಂದ ಬರಬೇಕು?

ಹಿಂದಿರುಗಿ ಬಂದಾಗ ಹೊಳೆಯ ಬದಿಯ ಒಂದು ತಗ್ಗಿನಲ್ಲಿ ಸ್ವಲ್ಪ ನೀರು ಉಳಿದಿತ್ತು. ಒಡ್ಡು ಕಟ್ಟಿದ್ದಾಗ ಅಲ್ಲಿಗೆ ನುಗ್ಗಿದ್ದ ನೀರು ಅದು. ಒಡ್ಡು ಹೋಗಿದ್ದರೂ ಅದು ಹೊರಟಿರಲಿಲ್ಲ. ಅದರ ಮೇಲೆ ಪಚ್ಚಿಯ ಒಂದು ತುಣುಕು ತೇಲುತ್ತಿತ್ತು.

“ನೀನೂ ಹೋಗು,” ಎಂದಳು ಸಣ್ಣೀರಿ ಆ ನೀರಿಗೆ.

“ಹೋಗೋದು ಮರೆತಿದೆ,” ಎಂದಿತು ನೀರು.

ಹರಿಯುತ್ತಿದ್ದ ಹೊಳೆ ಇದನ್ನು ಕೇಳಿಸಿಕೊಂಡಳು. “ಮಗಳೇ, ನಿನ್ನ ಮೇಲೆ ನನಗೆ ಸಿಟ್ಟಿಲ್ಲ,” ಎಂದಳು. “ಆದರೆ ನೀರು ಒಂದು ಸಲ ನಿಲ್ಲೋದು ಕಲಿತುಬಿಟ್ಟಿದೆ. ಇನ್ನು ತಗ್ಗು ಸಿಕ್ಕಲ್ಲೆಲ್ಲ ನಿಲ್ಲುತ್ತೆ. ಅದನ್ನ ಮರೆಸೋಕೆ ನನ್ನಿಂದಲೂ ಆಗಲ್ಲ, ನಿನ್ನಿಂದಲೂ ಆಗಲ್ಲ. ನನ್ನ ಕಲ್ಲುಗಳ ಮೇಲೆ ನಿನ್ನ ಮಗಳಿಗೆ ಜಾಗ ಉಂಟು. ಮೈ ಬೆಳೆಸೋಕೆ ಬಿಡಲ್ಲ, ಕೈಯನ್ನೂ ಬಿಡಲ್ಲ. ನಿಂತ ನೀರಲ್ಲಿ ಇರೋಳನ್ನ ನೀನು ನೋಡ್ಕೊ.”

ಸಣ್ಣೀರಿ ನೋಡಿಕೊಂಡಳು. ಮಡಕೆ ತೊಳೆದ ನೀರನ್ನು ಆ ತಗ್ಗಿನ ಕಡೆ ಮತ್ತೆ ಒಯ್ಯಲಿಲ್ಲ, ರಾಗಿ ಹೊಲಕ್ಕೆ ಸುರಿದಳು. ಆಚೆ ದಡಕ್ಕೆ ಹೋಗಿ, ತಾನು ಎಸೆದಿದ್ದ ಬಸವನಹುಳುಗಳಲ್ಲಿ ಬದುಕಿದ್ದವನ್ನು ಹುಡುಕಿ, ಮಡಿಲಲ್ಲಿ ತುಂಬಿಕೊಂಡು ತಂದು ಬಿಟ್ಟಳು. ಅವು ಮಗಳ ಅಂಚನ್ನು ಮೇಯುವಾಗ ಮುಖ ತಿರುಗಿಸಿ ಕೂರುತ್ತಿದ್ದಳು. ಗಾಳಿ ಬಂದರೆ, “ಬಾ ಅಣ್ಣಾ, ಅಲುಗಿಸು,” ಎನ್ನುತ್ತಿದ್ದಳು. ಆದರೆ ಗಾಳಿ ಈಗ ಮೊದಲಿನಂತೆ ಹೇಳಿದಾಗ ಬರುತ್ತಿರಲಿಲ್ಲ. ಬೇಕಾದಾಗ ಬರುತ್ತಿತ್ತು, ಬೇಡವಾದಾಗ ಹೋಗುತ್ತಿತ್ತು.

ಹೊಳೆಗೆ ಮೀನುಗಳು ಎಲ್ಲಿಂದಲೋ ಮತ್ತೆ ಬಂದವು. ಹಿರಿಯ ಗೆಂಡೆಯಂಥದ್ದು ಮಾತ್ರ ಬರಲಿಲ್ಲ. ಜವರ ಕೂಳಿ ಹೆಣೆಯುತ್ತಾ ಕೂತಿದ್ದಾಗ ಒಮ್ಮೊಮ್ಮೆ, “ಅವತ್ತು ಒಂದು ಸಣ್ಣ ದಾರಿ ಬಿಟ್ಟಿದ್ದರೆ,” ಎನ್ನುತ್ತಿದ್ದಳು ಸಣ್ಣೀರಿ. ಜವರ ತಲೆಯೆತ್ತದೆ, “ಹೂಂ,” ಎನ್ನುತ್ತಿದ್ದ.

ಪಚ್ಚಿಯನ್ನೇ ಜನ ಬರಬರುತ್ತಾ ಪಾಚಿ ಎಂದು ಕರೆದರು. ಅದಕ್ಕೇ ಮಕ್ಕಳೇ, ಓಡುವ ಹೊಳೆಯಲ್ಲಿ ಪಾಚಿ ಕಲ್ಲನ್ನು ತಬ್ಬಿಕೊಂಡು ಉಗುರಿನಷ್ಟು ತೆಳ್ಳಗೆ ಇರುವುದು, ಅದರ ಮೇಲೆ ಕಾಲಿಟ್ಟವರು ಜಾರುವುದು. ಕೆರೆಗೆ ನೀರು ಬರುವ ದಾರಿ, ಹೋಗುವ ದಾರಿ ಮುಚ್ಚಿಹೋದರೆ ಅದೇ ಪಾಚಿ ದಡದಿಂದ ದಡಕ್ಕೆ ಕಂಬಳಿಯ ಹಾಗೆ ಹರಡಿಕೊಳ್ಳುವುದು, ಬೆಳಕು ಹರಿಯುವ ಹೊತ್ತಿಗೆ ಅದರ ಸಂದಿಯಿಂದ ಮೀನುಗಳು ಬಾಯಿ ಮೇಲೆತ್ತಿ ತೆರೆದು ಮುಚ್ಚಿ ತೆರೆದು ಮುಚ್ಚಿ ಮಾಡುವುದು.